ಮಾಲ್ಡೀವ್ಸ್‌ನಲ್ಲಿ ಸ್ಕೂಬಾ: ಹವಳಕ್ಕೆ ಕಾಲು ತಾಗಿಸದೆ ಮುಳುಗಿ ಬರುವುದು ಹೇಗೆ?

ಮಾಲ್ಡೀವ್ಸ್‌ಗೆ ಸ್ಕೂಬಾ ಮಾಡೋಕೆ ಹೋಗ್ತಿದೀನಿ, ಏನು ಸಿದ್ಧತೆ ಬೇಕು ಅಂತ ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಒಂದೇ ಮಾತು. ನೀರಿನೊಳಗೆ ಏನನ್ನೂ ಹಿಡಿಯದೆ, ಕೈಕಾಲು ಬಡಿಯದೆ ಸುಮ್ನೆ ನಿಲ್ಲುವುದನ್ನು ಇಲ್ಲೇ ಕಲಿತು ಹೋಗಿ. ಟಿಕೆಟ್, ರೂಮು, ಕ್ಯಾಮೆರಾ ಎಲ್ಲ ಆಮೇಲೆ.

ನಾನು ಹಾಗೆ ಮಾಡಿರಲಿಲ್ಲ. ಮೊದಲ ಸಲ ಅಲ್ಲಿಗೆ ಹೋದಾಗ, ಎರಡನೇ ದಿನ, ಹನ್ನೆರಡು ಮೀಟರ್ ಆಳದಲ್ಲಿ ಕಡಲಾಮೆಯೊಂದರ ಫೋಟೊ ತೆಗೆಯಲು ಹೊರಟೆ. ಮೈ ಒಂದು ಕಡೆ ನಿಲ್ಲುತ್ತಿಲ್ಲ. ಕಾಲು ಬಡಿಯುತ್ತಲೇ ಇದ್ದೆ. ಹಿಂದಿನಿಂದ ಟಕ್ ಅಂತ ಸದ್ದು ಬಂತು. ತಿರುಗಿ ನೋಡಿದರೆ ನನ್ನ ಫಿನ್, ಅಂದರೆ ಕಾಲಿಗೆ ಹಾಕುವ ರಬ್ಬರ್ ರೆಕ್ಕೆ, ತಗುಲಿ ಕೊಂಬೆ ಹವಳದ ಒಂದು ಕವಲು, ಅಂಗೈ ಅಗಲದ್ದು, ಮುರಿದು ಬಿದ್ದಿತ್ತು. ಮುರಿದ ಜಾಗ ಸೀಮೆಸುಣ್ಣದ ತುದಿಯ ಹಾಗೆ ಬೆಳ್ಳಗಿತ್ತು. ಆ ಕವಲಿನ ಸಂದಿಯಲ್ಲಿ ಮನೆ ಮಾಡಿಕೊಂಡಿದ್ದ ಕಿರುಬೆರಳಿನಷ್ಟು ನೀಲಿ ಮೀನುಗಳು ಅಲ್ಲೇ ಗಿರಗಿರ ಸುತ್ತುತ್ತಿದ್ದವು. ಗೈಡ್ ಬಂದು ನನ್ನ ಜಾಕೆಟ್ ಹಿಡಿದು ಸ್ವಲ್ಪ ಮೇಲಕ್ಕೆ ಎಳೆದರು. ದೋಣಿ ಹತ್ತಿದ ಮೇಲೂ ಬೈಯಲಿಲ್ಲ. ನನಗೆ ಮಾತ್ರ ಅವತ್ತು ಊಟ ಸೇರಲಿಲ್ಲ.

ಕೊಂಬೆ ಹವಳ ವರ್ಷಕ್ಕೆ ಸುಮಾರು 10 ಸೆಂಟಿಮೀಟರ್ ಬೆಳೆದರೆ ಅದೇ ಜಾಸ್ತಿ. ಬಂಡೆಯ ಹಾಗೆ ಗುಂಡಗಿರುವ ಹವಳ ಬೆಳೆಯುವುದು ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು. 2024ರಲ್ಲಿ ಆ ದೇಶಕ್ಕೆ 20 ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬಂದರು. ಅಲ್ಲಿನ ಜನಸಂಖ್ಯೆಯೇ ಐದು ಲಕ್ಷದ ಸುತ್ತಮುತ್ತ. ಬಂದವರೆಲ್ಲ ಮುಳುಗುವುದಿಲ್ಲ, ನಿಜ. ಆದರೂ ನನ್ನ ಹಾಗೆ ಒಬ್ಬೊಬ್ಬರು ಒಂದೊಂದು ಕವಲು ಮುರಿದರೆ ಏನಾಗಬಹುದು, ಲೆಕ್ಕ ಹಾಕಿ.

ಹಾಗಂತ ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಹೋಗಿ. 1990ರ ದಶಕದ ಆರಂಭದಲ್ಲಿ ಅಲ್ಲಿ ಒಂದು ಲೆಕ್ಕ ಮಾಡಿದ್ದರು. ಒಂದು ಗ್ರೇ ರೀಫ್ ಶಾರ್ಕ್ ಸತ್ತು ಮೀನುಗಾರನ ಕೈಗೆ ಬಂದರೆ ಒಂದೇ ಸಲ 32 ಡಾಲರ್. ಅದೇ ಶಾರ್ಕ್ ಒಳ್ಳೆಯ ಡೈವ್ ಜಾಗದಲ್ಲಿ ಬದುಕಿ ಈಜಾಡುತ್ತಿದ್ದರೆ, ಅದನ್ನು ನೋಡಲು ಬರುವವರಿಂದ ವರ್ಷಕ್ಕೆ ಸುಮಾರು 3,300 ಡಾಲರ್. ಇಂಥ ಲೆಕ್ಕಗಳು, ಜೊತೆಗೆ ಡೈವ್ ಮಾಡಿಸುವವರ ಒತ್ತಾಯ, ಎರಡೂ ಸೇರಿ ಕೆಲಸ ಮಾಡಿದವು. 2010ರಲ್ಲಿ ಮಾಲ್ಡೀವ್ಸ್ ತನ್ನ ಇಡೀ ಕಡಲಿನಲ್ಲಿ ಶಾರ್ಕ್ ಹಿಡಿಯುವುದನ್ನು ನಿಷೇಧಿಸಿತು. ನಾವು ಕೊಡುವ ದುಡ್ಡು ಕಡಲನ್ನು ಕಾಯಬಲ್ಲದು. ನಮ್ಮ ಕಾಲು ಅದನ್ನು ಒಡೆಯಬಾರದು, ಅಷ್ಟೇ.

ಮೊದಲು ಮೈ ಸರಿ ಇದೆಯಾ ನೋಡಿಕೊಳ್ಳಿ

ಕೋರ್ಸಿಗೆ ಸೇರುವಾಗ ಆರೋಗ್ಯದ ಒಂದು ಪ್ರಶ್ನಾವಳಿ ಕೊಡುತ್ತಾರೆ. ಆಸ್ತಮಾ, ಹೃದಯದ ತೊಂದರೆ, ಫಿಟ್ಸ್, ಸಕ್ಕರೆ ಕಾಯಿಲೆ, ಕಿವಿ ಅಥವಾ ಸೈನಸ್ ಆಪರೇಷನ್, ಇವುಗಳಲ್ಲಿ ಯಾವುದಿದ್ದರೂ ಡಾಕ್ಟರ್ ಸಹಿ ಬೇಕಾಗುತ್ತದೆ. ಬಸುರಿಯರು ಡೈವ್ ಮಾಡುವ ಹಾಗೇ ಇಲ್ಲ. ಕೆಲವರು ಎಲ್ಲದಕ್ಕೂ 'ಇಲ್ಲ' ಅಂತ ಟಿಕ್ ಹಾಕಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ದಡದಲ್ಲಿ ಇನ್‌ಹೇಲರ್ ಸಾಕಾಗುವ ಉಬ್ಬಸ, ನೀರಿನಡಿ ಪ್ರಾಣಕ್ಕೇ ಬರಬಹುದು. ಹೊರಡುವ ಒಂದು ತಿಂಗಳ ಮುಂಚೆಯೇ ಕಿವಿ ಮೂಗು ಗಂಟಲು ಡಾಕ್ಟರಿಗೆ ಒಮ್ಮೆ ತೋರಿಸಿ. ಬೆಂಗಳೂರಿನ ಧೂಳಿಗೆ ಸೈನಸ್ ಹಿಡಿದವರು ನಮ್ಮಲ್ಲಿ ಜಾಸ್ತಿ. ಮೂಗು ಕಟ್ಟಿದ್ದರೆ ಕಿವಿಯ ಒತ್ತಡ ಸರಿಹೋಗುವುದಿಲ್ಲ. ಮಾತ್ರೆ ನುಂಗಿ ಇಳಿದರೆ, ಅದರ ಪ್ರಭಾವ ಮುಗಿಯುವಾಗ ನೀವು ಆಳದಲ್ಲಿರಬಹುದು. ಶೀತ ಇರುವ ದಿನ ಡೈವ್ ಬಿಟ್ಟುಬಿಡಿ.

ಕೋರ್ಸನ್ನು ನಮ್ಮೂರಲ್ಲೇ ಮುಗಿಸಿ

ಮಾಲ್ಡೀವ್ಸ್‌ನಲ್ಲೂ ಕಲಿಸುತ್ತಾರೆ. ಆದರೆ ರಜೆ ಇರುವುದು ಐದು ದಿನ. ಅದರಲ್ಲಿ ಮೂರು ನಾಲ್ಕು ದಿನ ಕೋರ್ಸಿಗೇ ಹೋದರೆ ಕಡಲು ನೋಡುವುದು ಯಾವಾಗ? ಅದಕ್ಕಿಂತ ಮುಖ್ಯವಾಗಿ, ಕಲಿಯುವವರ ಕಾಲೇ ಹವಳಕ್ಕೆ ಜಾಸ್ತಿ ತಗುಲುವುದು.

ನಮಗೆ ಮುರುಡೇಶ್ವರ ಇದೆ. ಅಲ್ಲಿಂದ ದೋಣಿಯಲ್ಲಿ ಒಂದೂವರೆ ಗಂಟೆಯೊಳಗೆ ನೇತ್ರಾಣಿ ದ್ವೀಪ. ಮಳೆಗಾಲ ಕಳೆದು ಅಕ್ಟೋಬರ್‌ನಿಂದ ಮೇವರೆಗೆ ಅಲ್ಲಿ ಡೈವಿಂಗ್ ನಡೆಯುತ್ತದೆ. ಬೆಂಗಳೂರಿನಲ್ಲೇ ಈಜುಕೊಳದ ಪಾಠ ಮುಗಿಸಿಕೊಂಡು, ಕಡಲಿನ ಡೈವ್‌ಗಳಿಗೆ ಮಾತ್ರ ಅಲ್ಲಿಗೆ ಹೋಗುವವರೂ ಇದ್ದಾರೆ. ಒಂದು ವಿಷಯ ಗಮನಿಸಿ. ಒಂದು ದಿನದ 'ಟ್ರೈ ಡೈವ್' ಬೇರೆ, ಸರ್ಟಿಫಿಕೇಟ್ ಕೋರ್ಸ್ ಬೇರೆ. ಟ್ರೈ ಡೈವ್‌ನಲ್ಲಿ ಇನ್‌ಸ್ಟ್ರಕ್ಟರ್ ನಿಮ್ಮನ್ನು ಹಿಡಿದೇ ಕರೆದೊಯ್ಯುತ್ತಾರೆ, ಈಜು ಬರದಿದ್ದರೂ ನಡೆಯುತ್ತದೆ. ಅದರಿಂದ ನೀವು ಡೈವರ್ ಆಗುವುದಿಲ್ಲ. ಓಪನ್ ವಾಟರ್ ಅನ್ನುವ ಮೊದಲ ಸರ್ಟಿಫಿಕೇಟ್ ಕೋರ್ಸಿಗೆ 200 ಮೀಟರ್ ಈಜಬೇಕು, ಹತ್ತು ನಿಮಿಷ ತೇಲಬೇಕು, ಕಡಲಿನಲ್ಲಿ ನಾಲ್ಕು ಡೈವ್ ಮಾಡಬೇಕು. ಮುಗಿಸಿದರೆ 18 ಮೀಟರ್ ಆಳದವರೆಗೆ ಹೋಗಬಹುದು. ಮುಂದಿನ ಅಡ್ವಾನ್ಸ್ಡ್ ಕೋರ್ಸಿಗೆ 30 ಮೀಟರ್. ಮಾಲ್ಡೀವ್ಸ್‌ನಲ್ಲಿ ಕಾನೂನಿನ ಮಿತಿಯೂ 30 ಮೀಟರ್. ಎಷ್ಟೇ ಅನುಭವ ಇರಲಿ, ಪ್ರವಾಸಿಗರು ಅದಕ್ಕಿಂತ ಕೆಳಗೆ ಇಳಿಯುವಂತಿಲ್ಲ.

ಕೋರ್ಸ್ ಮುಗಿದ ಮೇಲೆ ಇನ್ನೊಂದು ದಿನ ತೇಲುವಿಕೆಗೇ ಇಟ್ಟುಕೊಳ್ಳಿ. ಹವಳ ಮುರಿದು ಬಂದ ಮೇಲೆ ನಾನು ಮಾಡಿದ್ದು ಇದನ್ನೇ. ನನಗೆ ಹೇಳಿಕೊಟ್ಟವರು ಕರಾವಳಿಯ ಒಬ್ಬ ಹುಡುಗ. "ಅಕ್ಕಾ, ಕೈ ಕಟ್ಟಿಕೊಳ್ಳಿ. ಕಾಲು ಆಡಿಸಬೇಡಿ. ಈಗ ಬರೀ ಉಸಿರಲ್ಲಿ ಮೇಲೆ ಬನ್ನಿ, ಬರೀ ಉಸಿರಲ್ಲಿ ಕೆಳಗೆ ಹೋಗಿ" ಅಂದರು. ಮೊದಲ ಅರ್ಧ ಗಂಟೆ ಬೊಗ್ಗಿದ್ದೇ ಬೊಗ್ಗಿದ್ದು, ಉರುಳಿದ್ದೇ ಉರುಳಿದ್ದು. ಆಮೇಲೆ ಯಾವುದೋ ಒಂದು ಉಸಿರಿಗೆ ಮೈ ನೀರಿನಲ್ಲಿ ತೂಗುಹಾಕಿದ ಹಾಗೆ ನಿಂತಿತು. ಉಸಿರು ಎಳೆದುಕೊಂಡರೆ ಒಂದು ಗೇಣು ಮೇಲೆ, ಬಿಟ್ಟರೆ ಒಂದು ಗೇಣು ಕೆಳಗೆ. ಇದು ಬಂತು ಅಂದರೆ ಗಾಳಿಯೂ ಜಾಸ್ತಿ ಹೊತ್ತು ಬರುತ್ತದೆ, ಮೀನುಗಳೂ ಹೆದರಿ ಓಡುವುದಿಲ್ಲ.

ತೂಕದ ಬಗ್ಗೆ ಎರಡು ಮಾತು. ಹೊಸಬರ ಸೊಂಟಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಸೀಸ ಕಟ್ಟುವುದು ಎಲ್ಲ ಕಡೆ ಇದೆ. ಬೇಗ ಮುಳುಗುತ್ತಾರೆ ಅನ್ನುವ ಕಾರಣಕ್ಕೆ. ಭಾರ ಜಾಸ್ತಿಯಾದರೆ ಕಾಲು ಕೆಳಗೆ ಜೋತುಬೀಳುತ್ತದೆ, ಫಿನ್ ಹವಳ ಕೆರೆಯುತ್ತದೆ. ಸರಿಯಾದ ತೂಕ ತಿಳಿಯುವುದು ಹೀಗೆ: ಡೈವ್ ಮುಗಿದು ಮೇಲೆ ಬಂದು, ಸಿಲಿಂಡರಿನಲ್ಲಿ 50 ಬಾರ್ (ಗಾಳಿಯ ಒತ್ತಡದ ಅಳತೆ) ಉಳಿದಾಗ, ತೇಲಲು ಗಾಳಿ ತುಂಬಿಕೊಳ್ಳುವ ಜಾಕೆಟ್ಟಿನ ಗಾಳಿ ಪೂರ್ತಿ ಬಿಟ್ಟು, ಮಾಮೂಲಿ ಉಸಿರು ಹಿಡಿದು ನೆಟ್ಟಗೆ ನಿಲ್ಲಿ. ನೀರು ನಿಮ್ಮ ಕಣ್ಣಿನ ಮಟ್ಟಕ್ಕೆ ಬಂದರೆ ತೂಕ ಸರಿ. ಪರೀಕ್ಷೆ ಕೊನೆಯಲ್ಲೇ ಯಾಕೆ ಅಂದರೆ, ಗಾಳಿಗೂ ತೂಕ ಇದೆ. ತುಂಬಿದ ಸಿಲಿಂಡರ್ ಖಾಲಿಯಾಗುವಾಗ ಸುಮಾರು ಎರಡು ಕಿಲೊ ಹಗುರವಾಗುತ್ತದೆ. ಈಜುಕೊಳದ ಸಿಹಿನೀರಿನ ಲೆಕ್ಕ ಕಡಲಿಗೆ ಆಗುವುದಿಲ್ಲ, ಉಪ್ಪುನೀರಿನಲ್ಲಿ ಸ್ವಲ್ಪ ಹೆಚ್ಚೇ ಬೇಕು. ನಿಮ್ಮ ಸಂಖ್ಯೆ ಬರೆದಿಟ್ಟುಕೊಂಡು ಹೋಗಿ, ಅಲ್ಲಿ ಕೇಳುತ್ತಾರೆ.

ಯಾವಾಗ ಹೋಗಬೇಕು, ಯಾವ ಕಡೆಗೆ

ಮಾಲ್ಡೀವ್ಸ್ ಅಂದರೆ ಸುಮಾರು 1,200 ಪುಟ್ಟ ದ್ವೀಪಗಳು. ಒಂದೊಂದು ಗುಂಪೂ ಬಳೆಯ ಹಾಗೆ ಸುತ್ತುಗಟ್ಟಿದ ಹವಳದ ಉಂಗುರ. ಅಟಾಲ್ ಅನ್ನುವ ಮಾತು ಜಗತ್ತಿಗೆ ಬಂದದ್ದೇ ಅವರ ದಿವೇಹಿ ಭಾಷೆಯಿಂದ. ನಮ್ಮ ಲಕ್ಷದ್ವೀಪವೂ ಅದೇ ಕಡಲಡಿಯ ಬೆಟ್ಟಸಾಲಿನ ಮೇಲಿದೆ. ಲಕ್ಷದ್ವೀಪದ ಮಿನಿಕಾಯ್ ದ್ವೀಪದ ಜನರ ಮಾತು ದಿವೇಹಿಯದೇ ಒಂದು ಬಗೆ. ಮಾಲ್ಡೀವ್ಸ್‌ನಲ್ಲಿ ದೋಣಿಗೂ ಹೆಸರು 'ಧೋನಿ'. ರಾಜಧಾನಿ ಮಾಲೆಯ ವಿಮಾನ ನಿಲ್ದಾಣದ ಹೊರಗೆ ಆ ಪದ ಕಿವಿಗೆ ಬಿದ್ದಾಗ ನನಗೆ ನೆಂಟರ ಊರಿಗೆ ಬಂದ ಹಾಗೆ ಆಯಿತು.

ಅಲ್ಲಿ ಎರಡು ಕಾಲ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಈಶಾನ್ಯ ಮಾರುತ, ಅವರ ಮಾತಿನಲ್ಲಿ ಇರುವೈ. ಮೇಯಿಂದ ನವೆಂಬರ್‌ವರೆಗೆ ನೈಋತ್ಯ ಮಾರುತ, ಹುಳಂಗು. ಇರುವೈ ಕಾಲದಲ್ಲಿ ಬಿಸಿಲು ಚೆನ್ನಾಗಿರುತ್ತದೆ, ನೀರು ತಿಳಿಯಾಗಿರುತ್ತದೆ, ದರವೂ ಜಾಸ್ತಿ ಇರುತ್ತದೆ. ಹುಳಂಗಿನಲ್ಲಿ ಮಳೆ, ಅಲೆ. ಆದರೆ ಮಳೆಗಾಲ ಅಂತ ಬಿಟ್ಟುಬಿಡಬೇಡಿ. ಕಡಲಿನ ಹರಿವು ಇರುವೈ ಕಾಲದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಸಾಗುತ್ತದೆ, ಹುಳಂಗಿನಲ್ಲಿ ತಿರುಗುತ್ತದೆ. ಹರಿವು ಒಳಗೆ ಬರುವ ಕಡೆ ನೀರು ತಿಳಿ. ಅದು ಆಚೆ ಹೋಗುವ ಕಡೆ, ಪ್ಲಾಂಕ್ಟನ್ ಅನ್ನುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಸೇರಿ ನೀರು ಮಬ್ಬಾಗುತ್ತದೆ. ಮಾಂಟಾ ರೇ ಅನ್ನುವ ದೊಡ್ಡ ಚಪ್ಪಟೆ ಮೀನಿಗೆ ಊಟ ಇರುವುದು ಆ ಮಬ್ಬಿನಲ್ಲೇ. ಅದಕ್ಕೇ ಇರುವೈ ಕಾಲದಲ್ಲಿ ಮಾಂಟಾಗಳು ಅಟಾಲ್‌ಗಳ ಪಶ್ಚಿಮದ ಅಂಚಿಗೆ ಹೋಗುತ್ತವೆ, ಹುಳಂಗಿನಲ್ಲಿ ಪೂರ್ವದ ಅಂಚಿಗೆ ಬರುತ್ತವೆ. ಇದೊಂದು ಗೊತ್ತಿದ್ದರೆ ಯಾರ ಜಾಹೀರಾತನ್ನೂ ನಂಬದೆ ನೀವೇ ಜಾಗ ಆರಿಸಬಹುದು.

ಮಾಂಟಾ ನೋಡಲೇಬೇಕು ಅನ್ನುವವರಿಗೆ ಬಾ ಅಟಾಲ್, ಜೂನ್‌ನಿಂದ ನವೆಂಬರ್. ಅಲ್ಲಿನ ಹನಿಫಾರು ಕೊಲ್ಲಿ ಫುಟ್‌ಬಾಲ್ ಮೈದಾನದಷ್ಟು ದೊಡ್ಡದಿರಬಹುದು. ಉಬ್ಬರದ ನೀರು ಪ್ಲಾಂಕ್ಟನ್ನನ್ನು ಆ ಬೋಗುಣಿಯೊಳಗೆ ತುಂಬುತ್ತದೆ, ಮಾಂಟಾಗಳು ಸಾಲುಗಟ್ಟಿ ಬರುತ್ತವೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರ ಜೋರು. ಮನೆಯ ಗೋಡೆಯ ಕ್ಯಾಲೆಂಡರ್ ನೋಡಿಯೇ ದಿನ ಗೊತ್ತುಮಾಡಿ. ತಿಮಿಂಗಿಲ ಶಾರ್ಕ್ ನೋಡಬೇಕಾದರೆ ದಕ್ಷಿಣ ಆರಿ ಅಟಾಲ್. ಅಲ್ಲಿ ವರ್ಷವಿಡೀ ಸಿಗುತ್ತವೆ. 2009ರಲ್ಲಿ ಆ ಅಂಚನ್ನು ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ತೀರಾ ಹೊಸಬರಿಗೆ ಎರಡೂ ಒಳ್ಳೆಯ ಜಾಗಗಳೇ, ಯಾಕಂದರೆ ಎರಡನ್ನೂ ಸ್ನಾರ್ಕೆಲ್ ಅನ್ನುವ ಉಸಿರುಕೊಳವೆ ಹಾಕಿಕೊಂಡು ನೀರಿನ ಮೇಲಿಂದಲೇ ನೋಡಬಹುದು.

'ಕಂಡು' ಅಂತ ಹೆಸರಿನ ಕೊನೆಗೆ ಬರುವ ಡೈವ್ ಜಾಗಗಳ ಬಗ್ಗೆ ಎಚ್ಚರ ಇರಲಿ. ಕಂಡು ಅಂದರೆ ಹವಳದ ಎರಡು ದಿಬ್ಬಗಳ ನಡುವಿನ ಕಾಲುವೆ. ಇಡೀ ಅಟಾಲಿನ ನೀರು ಅದರ ಮೂಲಕ ಒಳಗೆ ಹೊರಗೆ ಓಡುತ್ತದೆ. ಶಾರ್ಕ್ ಇರುತ್ತವೆ, ಸೆಳೆತವೂ ಜೋರಿರುತ್ತದೆ. ಕಡಿಮೆ ಎಂದರೂ ಮೂವತ್ತು ನಲವತ್ತು ಡೈವ್ ಆದ ಮೇಲೆ ಹೋಗಿ. 'ತಿಲ' ಅಂದರೆ ನೀರಿನೊಳಗೇ ಮುಗಿಯುವ ದಿಬ್ಬ. 'ಗಿರಿ' ಇನ್ನೂ ಮೇಲಕ್ಕೆ ಬರುವ ದಿಬ್ಬ. ಹೊಸಬರಿಗೆ ಗಿರಿಗಳು ಹಿತ.

ಉಳಿಯುವ ಜಾಗ

ರೆಸಾರ್ಟಿಗೇ ಹೋಗಬೇಕು ಅಂತೇನಿಲ್ಲ. 2009ರ ಆಚೆಗೆ ಜನ ವಾಸ ಇರುವ ದ್ವೀಪಗಳಲ್ಲೂ ಗೆಸ್ಟ್‌ಹೌಸ್‌ಗಳಿಗೆ ಅನುಮತಿ ಸಿಕ್ಕಿದೆ. ಬಾ ಅಟಾಲಿಗೆ ಧರವಂಧೂ, ದಕ್ಷಿಣ ಆರಿಗೆ ಧಿಗುರಾ, ಮಾಲೆಗೆ ಹತ್ತಿರ ಬೇಕಾದರೆ ಮಾಫುಶಿ ಅಥವಾ ಗುಳಿ. ಖರ್ಚು ತುಂಬಾ ಕಡಿಮೆಯಾಗುತ್ತದೆ. ನಿಮ್ಮ ದುಡ್ಡು ಅಲ್ಲಿನ ಮನೆಗಳಿಗೇ ಹೋಗುತ್ತದೆ. ನನಗೆ ಇದು ದೊಡ್ಡ ವಿಷಯ. ಮಾಂಟಾ ಬಂದರೆ ತನ್ನ ಮನೆಗೂ ಲಾಭ ಅಂತ ಊರಿನ ಹುಡುಗನಿಗೆ ಅನಿಸಿದರೆ, ಕೊಲ್ಲಿಯನ್ನು ಅವನೇ ಕಾಯುತ್ತಾನೆ.

ಊರಿನ ದ್ವೀಪಗಳಲ್ಲಿ ಮದ್ಯ ಸಿಗುವುದಿಲ್ಲ. ಈಜುಡುಗೆ ಹಾಕಲು 'ಬಿಕಿನಿ ಬೀಚ್' ಅಂತ ಬೇರೆ ಜಾಗ ಗುರುತಿಸಿರುತ್ತಾರೆ. ಉಳಿದ ಕಡೆ ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿ. ಶುಕ್ರವಾರ ರಜೆ, ಸರ್ಕಾರಿ ಫೆರಿ ಸಾಮಾನ್ಯವಾಗಿ ಇರುವುದಿಲ್ಲ. ಗಡಿಯಾರ ನಮಗಿಂತ ಅರ್ಧ ಗಂಟೆ ಹಿಂದೆ. ಬೆಳಗಿನ ತಿಂಡಿಗೆ ಮಸ್ ಹುನಿ ಕೊಡುತ್ತಾರೆ. ತೆಂಗಿನ ತುರಿ, ಈರುಳ್ಳಿ, ಮೆಣಸಿನಕಾಯಿ, ಟ್ಯೂನಾ ಮೀನು ಕಿವುಚಿ ಮಾಡಿದ್ದು, ಜೊತೆಗೆ ರೊಶಿ. ರೊಶಿ ನಮ್ಮ ಚಪಾತಿಯೇ. ಸಸ್ಯಾಹಾರಿಗಳು ಮೊದಲೇ ಹೇಳಿದರೆ ಮೀನು ಬಿಟ್ಟು ತೆಂಗಿನಕಾಯಿಯಲ್ಲೇ ಮಾಡಿಕೊಡುತ್ತಾರೆ. ಅಲ್ಲಿ ಟ್ಯೂನಾವನ್ನು ಬಲೆ ಹಾಕಿ ಬಾಚುವುದಿಲ್ಲ. ಗಾಳ ಹಾಕಿ ಒಂದೊಂದಾಗಿ ಎತ್ತುತ್ತಾರೆ. ಹಾಗಾಗಿ ಅಲ್ಲಿ ಟ್ಯೂನಾ ತಿನ್ನುವವರು ಸಮಾಧಾನದಿಂದ ತಿನ್ನಿ. ಹವಳದ ದಿಬ್ಬದ ಮೀನುಗಳನ್ನು, ಅದರಲ್ಲೂ ಪ್ಯಾರಟ್ ಫಿಶ್ ಅನ್ನು, ಬೇಡ ಅನ್ನಿ. ಯಾಕೆ ಅಂತ ಮುಂದೆ ಹೇಳ್ತೀನಿ.

ಗ್ರೀನ್ ಟ್ಯಾಕ್ಸ್ ಅಂತ ಒಂದಿದೆ. 2025ರ ಜನವರಿಯಿಂದ ರೆಸಾರ್ಟಿನಲ್ಲಿ ತಲೆಗೆ ದಿನಕ್ಕೆ 12 ಡಾಲರ್, ಊರಿನ ಸಣ್ಣ ಗೆಸ್ಟ್‌ಹೌಸ್‌ಗಳಲ್ಲಿ 6 ಡಾಲರ್. ರೂಮಿನ ದರದಲ್ಲಿ ಇದು ಸೇರಿದೆಯೇ ಅಂತ ಕೇಳಿಕೊಳ್ಳಿ.

ಡೈವ್ ಸೆಂಟರ್‌ಗೆ ಕೇಳಬೇಕಾದ ಪ್ರಶ್ನೆಗಳು

ದುಡ್ಡು ಕೊಡುವ ಮೊದಲು ಮೇಲ್ ಅಥವಾ ವಾಟ್ಸಾಪ್‌ನಲ್ಲಿ ಕೇಳಿ. ಒಬ್ಬ ಗೈಡ್‌ಗೆ ಎಷ್ಟು ಜನ? ನಾಲ್ಕು ಅಂದರೆ ಒಳ್ಳೆಯದು. ಎಂಟು ಅಂದರೆ ಬೇರೆ ಕಡೆ ನೋಡಿ. ಮೊದಲ ದಿನ ಚೆಕ್ ಡೈವ್, ಅಂದರೆ ನಿಮ್ಮ ಅಭ್ಯಾಸ ನೋಡಲು ಮಾಡಿಸುವ ಸುಲಭದ ಡೈವ್, ಇದೆಯೇ? ಇಲ್ಲ, ನೇರವಾಗಿ ಶಾರ್ಕ್ ನೋಡೋಕೆ ಹೋಗೋಣ ಅಂದರೆ ಅವರ ಜೊತೆ ಬೇಡ. ಬಾಡಿಗೆಗೆ ಡೈವ್ ಕಂಪ್ಯೂಟರ್ (ಆಳ, ಸಮಯ ತೋರಿಸುವ ಸಾಧನ) ಮತ್ತು ಮೇಲೆ ತೇಲಿಸುವ ಕಿತ್ತಳೆ ಬಣ್ಣದ ಗುರುತಿನ ಟ್ಯೂಬ್ ಪ್ರತಿಯೊಬ್ಬರಿಗೂ ಕೊಡುತ್ತಾರಾ? ದೋಣಿಯಲ್ಲಿ ಆಮ್ಲಜನಕದ ಕಿಟ್ ಇದೆಯೇ? ದೋಣಿ ನಿಲ್ಲಿಸಲು ಹವಳದ ಮೇಲೆ ಲಂಗರು ಎಸೆಯುತ್ತಾರಾ, ಅಥವಾ ಡೈವರ್‌ಗಳ ಗುಳ್ಳೆ ನೋಡಿಕೊಂಡು ಹಿಂದೆಯೇ ಬರುತ್ತಾರಾ? ಒಳ್ಳೆಯವರು ಲಂಗರು ಹಾಕುವುದಿಲ್ಲ.

ಕೊನೆಯ ಪ್ರಶ್ನೆ: ಮೀನಿಗೆ, ಶಾರ್ಕಿಗೆ ತಿನಿಸು ಹಾಕುತ್ತೀರಾ? ಹಾಕಿದರೆ ಹತ್ತಿರ ಬರುತ್ತವೆ, ಫೋಟೊ ಚೆನ್ನಾಗಿ ಬರುತ್ತದೆ, ಅದು ಸರಿ. ನನ್ನ ಅಭಿಪ್ರಾಯ ಬೇರೆ. ದೋಣಿಯ ಸದ್ದು ಅಂದರೆ ಊಟ ಅಂತ ಶಾರ್ಕ್ ಕಲಿಯುವುದು ಅದಕ್ಕೂ ಒಳ್ಳೆಯದಲ್ಲ, ನಮಗೂ ಒಳ್ಳೆಯದಲ್ಲ.

ಚೀಲ ಮತ್ತು ಕಾಗದಪತ್ರ

ಭಾರತೀಯರಿಗೆ ಅಲ್ಲಿ ಇಳಿದ ಮೇಲೆ ವೀಸಾ ಉಚಿತವಾಗಿ ಸಿಗುತ್ತದೆ. ಆದರೆ ವಿಮಾನಕ್ಕೆ 96 ಗಂಟೆಯೊಳಗೆ ಇಮುಗಾ ಅನ್ನುವ ಜಾಲತಾಣದಲ್ಲಿ ವಿವರ ತುಂಬಬೇಕು. ಅದಕ್ಕೆ ಶುಲ್ಕ ಇಲ್ಲ, ಯಾರಾದರೂ ದುಡ್ಡು ಕೇಳಿದರೆ ಅದು ಬೇರೆ ಜಾಲತಾಣ. ಡೈವ್ ಸರ್ಟಿಫಿಕೇಟ್, ಲಾಗ್‌ಬುಕ್ (ಮಾಡಿದ ಡೈವ್‌ಗಳ ದಾಖಲೆ), ಡಾಕ್ಟರ್ ಪತ್ರ ಫೋನಿನಲ್ಲೂ ಇರಲಿ, ಕಾಗದದಲ್ಲೂ ಇರಲಿ. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಸ್ಕೂಬಾ ಸೇರಿರುವುದಿಲ್ಲ, ಓದಿ ನೋಡಿ. ಡೈವಿಂಗ್‌ಗೇ ಬೇರೆ ವಿಮೆ ಸಿಗುತ್ತದೆ, ಅದನ್ನು ಮಾಡಿಸಿ.

ಮದ್ಯ, ಹಂದಿಮಾಂಸ, ವೇಪ್ ಒಯ್ಯುವಂತಿಲ್ಲ. ನಮ್ಮವರಿಗೆ ಗೊತ್ತಿರಬೇಕಾದ ಇನ್ನೊಂದು ಇದೆ. ಪೂಜೆಯ ವಿಗ್ರಹಗಳನ್ನು ಕಸ್ಟಮ್ಸ್‌ನಲ್ಲಿ ತಡೆಯುತ್ತಾರೆ. ಚೀಲದಲ್ಲಿ ಪುಟ್ಟ ಗಣಪತಿ ಇಟ್ಟುಕೊಳ್ಳುವ ರೂಢಿ ಇದ್ದರೆ ಈ ಸಲ ಮನೆಯಲ್ಲೇ ಬಿಟ್ಟು ಹೋಗಿ. ಅಲ್ಲಿನ ಪ್ಲಗ್ ಮೂರು ಚಪ್ಪಟೆ ಪಿನ್ನಿನದು, ಅಡಾಪ್ಟರ್ ಬೇಕು.

ನೀರು 27ರಿಂದ 30 ಡಿಗ್ರಿ ಇರುತ್ತದೆ. ಮೂರು ಮಿಲಿಮೀಟರ್ ವೆಟ್‌ಸೂಟ್ ಸಾಕು. ಸನ್‌ಸ್ಕ್ರೀನ್ ಕೊಳ್ಳುವಾಗ ಡಬ್ಬಿಯ ಹಿಂದೆ ಆಕ್ಸಿಬೆನ್‌ಜೋನ್, ಆಕ್ಟಿನಾಕ್ಸೇಟ್ ಇದೆಯಾ ನೋಡಿ. ಹವಳಕ್ಕೆ ಕೆಡುಕು ಅಂತ ಪಲಾವು ದ್ವೀಪರಾಷ್ಟ್ರ 2020ರಿಂದ ಇಂಥವನ್ನು ನಿಷೇಧಿಸಿದೆ. ಅದಕ್ಕಿಂತ ಒಳ್ಳೆಯದು ಉದ್ದ ತೋಳಿನ ಈಜಂಗಿ. ಬೆನ್ನೂ ಸುಡುವುದಿಲ್ಲ, ನೀರಿಗೂ ಏನೂ ಸೇರುವುದಿಲ್ಲ. ಕೈಗವಸು ಬೇಡ. ಕೈಗವಸು ಇದ್ದರೆ ಕೈ ತಾನಾಗಿ ಏನನ್ನಾದರೂ ಹಿಡಿಯುತ್ತದೆ.

ನೀರಿಗೆ ಇಳಿದ ಮೇಲೆ

ಚೆಕ್ ಡೈವ್ ಮರಳಿರುವ ಕಡೆ ಮಾಡಿಸುತ್ತಾರೆ. ನಾಚಿಕೊಳ್ಳದೆ ಬೇಕಾದಷ್ಟು ಹೊತ್ತು ತೆಗೆದುಕೊಳ್ಳಿ. ತೂಕ ಸರಿಮಾಡಿಕೊಳ್ಳಿ. ಜೋತಾಡುವ ಗೇಜು (ಉಳಿದ ಗಾಳಿ ತೋರಿಸುವ ಮಾಪಕ), ಎರಡನೇ ರೆಗ್ಯುಲೇಟರ್ (ಬಾಯಲ್ಲಿಟ್ಟು ಉಸಿರಾಡುವ ಸಾಧನ) ಎಲ್ಲವನ್ನೂ ಎದೆಗೆ ಕ್ಲಿಪ್ ಹಾಕಿ. ಇಲ್ಲದಿದ್ದರೆ ನಿಮಗೆ ಗೊತ್ತಿಲ್ಲದ ಹಾಗೆ ಅವು ಹವಳವನ್ನು ಬಡಿಯುತ್ತಾ ಬರುತ್ತವೆ. ಮೈ ಅಡ್ಡಲಾಗಿ ಇರಲಿ, ಮಂಡಿ ಮಡಚಿ ಕಪ್ಪೆಯ ಹಾಗೆ ಕಾಲಾಡಿಸಿ. ಮೇಲೆ ಕೆಳಗೆ ಬಡಿದರೆ ಮರಳು ಏಳುತ್ತದೆ, ಹವಳದ ಮೇಲೆ ಕೂರುತ್ತದೆ. ಹವಳ ಜೀವ ಇರುವ ಪ್ರಾಣಿ. ಬಾಯಿಗೆ ಮಣ್ಣು ಬಿದ್ದ ಹಾಗೆ ಅದಕ್ಕೆ. ದಿಬ್ಬದಿಂದ ಎರಡು ಮೀಟರ್ ದೂರ ಇರುವುದನ್ನು ಮೊದಲ ಎರಡು ದಿನ ರೂಢಿ ಮಾಡಿಕೊಳ್ಳಿ. ಕ್ಯಾಮೆರಾ ಮೂರನೇ ದಿನ ತೆಗೆಯಿರಿ.

ಸ್ವಲ್ಪ ಹೊತ್ತು ಉಸಿರಿನ ಗುಳ್ಳೆಯ ಸದ್ದು ಬಿಟ್ಟು ಬೇರೇನು ಕೇಳುತ್ತದೆ ಅಂತ ಕಿವಿಗೊಡಿ. ಕರಕರ ಅಂತ ಕೇಳುತ್ತದೆ, ಯಾರೋ ಪಕ್ಕದಲ್ಲಿ ಕಲ್ಲುಸಕ್ಕರೆ ಕಡಿಯುತ್ತಿರುವ ಹಾಗೆ. ಅದು ಪ್ಯಾರಟ್ ಫಿಶ್. ಗಿಳಿಯ ಕೊಕ್ಕಿನಂಥ ಬಾಯಿ, ಹಸಿರು ನೀಲಿ ಮೈ. ಸತ್ತ ಹವಳದ ಮೇಲಿನ ಪಾಚಿ ಕೆರೆದು ತಿನ್ನುತ್ತದೆ, ಕಲ್ಲನ್ನು ಅರೆದು ಹಿಂದಿನಿಂದ ಬಿಳಿ ಪುಡಿಯಾಗಿ ಬಿಡುತ್ತದೆ. ನಾನು ಒಂದರ ಹಿಂದೆಯೇ ಐದು ನಿಮಿಷ ಹೋಗಿದ್ದೆ. ಮೂರು ಸಲ ಆ ಪುಡಿಯ ಮೋಡ ಬಿಟ್ಟಿತು. ವಕ್ಕರು ಅನ್ನುವ ದ್ವೀಪದಲ್ಲಿ ಅಧ್ಯಯನ ಮಾಡಿದಾಗ, ಅಲ್ಲಿ ಹೊಸದಾಗಿ ಆಗುವ ಮರಳಿನಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಈ ಮೀನಿನಿಂದಲೇ ಅಂತ ಗೊತ್ತಾಯಿತು. ಜನ ಹನಿಮೂನ್ ಫೋಟೊ ತೆಗೆಸಿಕೊಳ್ಳುವ ಆ ಬಿಳಿ ಮರಳು ಇದೇ. ಇಡೀ ದೇಶ ಸಮುದ್ರಮಟ್ಟಕ್ಕಿಂತ ಸರಾಸರಿ ಒಂದೂವರೆ ಮೀಟರ್ ಎತ್ತರ ಅಷ್ಟೇ. ಅಂಥ ನೆಲವನ್ನು ಕಟ್ಟಿಕೊಡುವ ಮೀನು ತಟ್ಟೆಗೆ ಬೇಡ ಅಂದದ್ದು ಇದಕ್ಕೇ.

ಕೆಲವು ಕಡೆ ಹವಳ ಬಿಳಿಚಿಕೊಂಡಿರುತ್ತದೆ, ಇನ್ನು ಕೆಲವು ಕಡೆ ಬರೀ ಮುರುಕಲು ರಾಶಿ. ನೋಡಿ ಬೇಸರವಾಗುತ್ತದೆ. ನೀರು ಜಾಸ್ತಿ ಬಿಸಿಯಾದರೆ ಹವಳ ತನ್ನೊಳಗೆ ಇಟ್ಟುಕೊಂಡಿರುವ, ತನಗೆ ಊಟ ಕೊಡುವ ಪಾಚಿಯನ್ನು ಹೊರಗೆ ಹಾಕಿಬಿಡುತ್ತದೆ. ಬಿಸಿ ಇಳಿಯದಿದ್ದರೆ ಹಸಿದು ಸಾಯುತ್ತದೆ. 1998ರಲ್ಲಿ ಅಲ್ಲಿನ ಕಡಿಮೆ ಆಳದ ಹವಳದಲ್ಲಿ ಬಹುಪಾಲು ಹೀಗೇ ಸತ್ತಿತು. 2016ರಲ್ಲಿ, 2024ರಲ್ಲಿ ಮತ್ತೆ ಹವಳ ಬಿಳಿಚಿಕೊಂಡಿತು. ಬಿಸಿಯಾದ ಕಡಲು, ನೆಲ ವಿಸ್ತರಿಸಲು ತೆಗೆಯುವ ಹೂಳು, ಇವು ನಮ್ಮ ಫಿನ್‌ಗಿಂತ ದೊಡ್ಡ ಕಂಟಕಗಳು. ಆದರೆ ಸುಧಾರಿಸಿಕೊಳ್ಳುತ್ತಿರುವ ರೋಗಿಯ ಮೇಲೆ ಕಾಲಿಡಬಾರದು ಅಲ್ವಾ?

ಮಾಂಟಾ, ತಿಮಿಂಗಿಲ ಶಾರ್ಕ್ ಬಂದಾಗ

ಹನಿಫಾರು ಕೊಲ್ಲಿಯಲ್ಲಿ 2012ರಿಂದ ಸ್ಕೂಬಾ ಇಲ್ಲ. ಗುಳ್ಳೆಗಳಿಂದ ಮಾಂಟಾಗಳಿಗೆ ತೊಂದರೆ ಅಂತ ಸ್ನಾರ್ಕೆಲ್‌ಗೆ ಮಾತ್ರ ಬಿಡುತ್ತಾರೆ. ಪರವಾನಗಿ ಇರುವ ಗೈಡ್ ಬೇಕು, ಪ್ರವೇಶ ಶುಲ್ಕ ಇದೆ, ನೀರಿನಲ್ಲಿ 45 ನಿಮಿಷ ಮಾತ್ರ. ನಿಯಮ ಬಿಗಿ ಅನಿಸಬಹುದು. ಒಮ್ಮೆ ನೀರಿಗಿಳಿದು ನೋಡಿ. ನಮ್ಮ ಕರಾವಳಿಯವರು ತೊರಕೆ ಅನ್ನುವ ಮೀನಿನ ದೊಡ್ಡ ನೆಂಟ ಅದು, ಮೂರು ಮೀಟರ್ ಅಗಲದ ರೆಕ್ಕೆ. ಬಾಯಿ ಅಗಲಿಸಿಕೊಂಡು ನೇರ ನಿಮ್ಮ ಕಡೆಗೇ ಬರುತ್ತದೆ, ಇನ್ನೇನು ಡಿಕ್ಕಿ ಅನ್ನುವಾಗ ಒಂದು ರೆಕ್ಕೆ ಎತ್ತಿ ಪಕ್ಕಕ್ಕೆ ಜಾರುತ್ತದೆ. ನೀವು ಸುಮ್ನೆ ತೇಲುತ್ತಿದ್ದರೆ ಅದೇ ಹತ್ತಿರ ಬರುತ್ತದೆ. ಅಟ್ಟಿಸಿಕೊಂಡು ಹೋದರೆ ಊಟ ಬಿಟ್ಟು ಹೋಗಿಬಿಡುತ್ತದೆ.

ಕಡಿಮೆ ಎಂದರೆ ಮೂರು ಮೀಟರ್ ಅಂತರ ಇಡಿ. ತಿಮಿಂಗಿಲ ಶಾರ್ಕ್ ಆದರೆ ಬಾಲದಿಂದ ನಾಲ್ಕು ಮೀಟರ್. ಮುಟ್ಟಬೇಡಿ, ಫ್ಲಾಶ್ ಹಾಕಬೇಡಿ, ಎದುರಿಗೆ ಹೋಗಿ ದಾರಿ ಕಟ್ಟಬೇಡಿ. ದಕ್ಷಿಣ ಆರಿಯಲ್ಲಿ ಒಂದು ಶಾರ್ಕ್ ಸುತ್ತ ಹತ್ತು ದೋಣಿ ನಿಂತದ್ದನ್ನು ನಾನು ನೋಡಿದ್ದೇನೆ. ಅಂಥ ಹೊತ್ತಿನಲ್ಲಿ "ನಮಗೆ ಕಾಯೋಕೆ ತೊಂದರೆ ಇಲ್ಲ" ಅಂತ ಗೈಡ್‌ಗೆ ಹೇಳಿ. ಅವರ ಮೇಲೂ ಒತ್ತಡ ಇರುತ್ತದೆ. ಗಿರಾಕಿಯೇ ಬೇಡ ಅಂದರೆ ಅವರಿಗೆ ನೆಮ್ಮದಿ.

ನಿಮ್ಮ ಫೋಟೊ ಅಲ್ಲಿನ ಸಂಶೋಧಕರಿಗೆ ಕೆಲಸಕ್ಕೆ ಬರುತ್ತದೆ. ಮಾಂಟಾದ ಹೊಟ್ಟೆಯ ಮೇಲಿನ ಚುಕ್ಕೆಗಳು ನಮ್ಮ ಬೆರಳಚ್ಚಿನ ಹಾಗೆ, ಒಂದರದ್ದು ಇನ್ನೊಂದಕ್ಕೆ ಇರುವುದಿಲ್ಲ. ತಿಮಿಂಗಿಲ ಶಾರ್ಕಿಗೆ ಕಿವಿರಿನ ಹಿಂದಿನ ಚುಕ್ಕೆಗಳು, ಅದರಲ್ಲೂ ಎಡಗಡೆಯವು. ಆ ಭಾಗ ಸ್ಪಷ್ಟವಾಗಿ ಬಂದಿರುವ ಫೋಟೊವನ್ನು ದಿನಾಂಕ, ಜಾಗದ ಸಮೇತ ಮಾಂಟಾ ಟ್ರಸ್ಟ್ ಅಥವಾ ಮಾಲ್ಡೀವ್ಸ್ ವೇಲ್ ಶಾರ್ಕ್ ರಿಸರ್ಚ್ ಪ್ರೋಗ್ರಾಮ್‌ಗೆ ಕಳಿಸಿ.

ತೇಲುವ ಬಲೆ ಕಂಡರೆ ಗೈಡ್‌ಗೆ ತಿಳಿಸಿ, ನೀವಾಗಿ ಬಿಡಿಸಲು ಹೋಗಬೇಡಿ, ಸಿಕ್ಕಿಕೊಳ್ಳುತ್ತೀರಿ. ಗಾಳದಿಂದ ಮೀನು ಹಿಡಿಯುವ ದೇಶಕ್ಕೆ ಇಷ್ಟೊಂದು ಬಲೆ ಎಲ್ಲಿಂದ ಬರುತ್ತದೆ? ಭಾರತ ಸೇರಿದಂತೆ ಸುತ್ತಲಿನ ದೇಶಗಳ ಕಡೆಯಿಂದ ತೇಲಿ ಬರುತ್ತದೆ. ಆಮೆಗಳು ಅದರಲ್ಲಿ ಸಿಕ್ಕಿ ರೆಕ್ಕೆಗಾಲು ಕಳೆದುಕೊಳ್ಳುತ್ತವೆ. ಆಲಿವ್ ರಿಡ್ಲಿ ಪ್ರಾಜೆಕ್ಟ್ ಅನ್ನುವ ಸಂಸ್ಥೆ ಬಾ ಅಟಾಲಿನಲ್ಲಿ ಇಂಥ ಆಮೆಗಳಿಗೆ ಆಸ್ಪತ್ರೆ ನಡೆಸುತ್ತದೆ.

ಹೊರಡುವ ಮುಂಚೆ

ಕೊನೆಯ ಡೈವ್‌ಗೂ ವಿಮಾನಕ್ಕೂ ನಡುವೆ 24 ಗಂಟೆ ಬಿಡಿ. ಆಳದಲ್ಲಿ ಮೈಗೆ ಸೇರಿದ ಸಾರಜನಕ ಹೊರಗೆ ಹೋಗಲು ಹೊತ್ತು ಬೇಕು. ಒಂದೇ ಡೈವ್ ಆಗಿದ್ದರೆ 12 ಗಂಟೆ, ದಿನವೂ ಮಾಡಿದ್ದರೆ 18 ಗಂಟೆ ಅನ್ನುವುದು ಕನಿಷ್ಠ ಲೆಕ್ಕ. ಒಂದು ದಿನ ಪೂರ್ತಿ ಬಿಟ್ಟರೆ ಚಿಂತೆ ಇರುವುದಿಲ್ಲ. ಮಾಲೆಗೆ ಸೀಪ್ಲೇನ್‌ನಲ್ಲಿ ಬರುವುದಾದರೆ ಅದೂ ವಿಮಾನವೇ, ಲೆಕ್ಕಕ್ಕೆ ಸೇರಿಸಿ. ಕೀಲು ನೋವು, ಜುಮ್ಮೆನ್ನುವುದು, ವಿಪರೀತ ಸುಸ್ತು ಕಂಡರೆ ಮುಚ್ಚಿಡದೆ ಡೈವ್ ಸೆಂಟರಿಗೆ ಹೇಳಿ. ಇದಕ್ಕೆ ಬೇಕಾದ ಒತ್ತಡದ ಚೇಂಬರ್ ಬಾಂಡೋಸ್ ದ್ವೀಪದಲ್ಲಿದೆ.

ಆ ಖಾಲಿ ದಿನ ದಡದಲ್ಲಿ ನಡೆಯುವಾಗ ಕವಡೆ ಕಾಣಿಸುತ್ತವೆ. ಹಿಂದೆ ನಮ್ಮ ದೇಶದಲ್ಲಿ ದುಡ್ಡಾಗಿ ಓಡಾಡಿದ ಕವಡೆಗಳಲ್ಲಿ ಬಹಳಷ್ಟು ಈ ದ್ವೀಪಗಳಿಂದಲೇ ಹಡಗಿನಲ್ಲಿ ಬಂದವು. 'ಕವಡೆ ಕಾಸಿನ ಕಿಮ್ಮತ್ತಿಲ್ಲ' ಅಂತ ನಾವು ಅನ್ನುವ ಕವಡೆ ಅದೇ. ಎತ್ತಿ ನೋಡಿ, ಅಂಗೈಯಲ್ಲಿ ಇಟ್ಟುಕೊಳ್ಳಿ, ಮತ್ತೆ ಅಲ್ಲೇ ಇಡಿ. ಹವಳದ ತುಂಡು, ಕೆಲವು ಬಗೆಯ ಚಿಪ್ಪು, ಆಮೆಯ ಚಿಪ್ಪಿನ ಸಾಮಾನು ದೇಶದಿಂದ ಆಚೆ ಒಯ್ಯುವುದು ಅಪರಾಧ. ಬಿಟ್ಟುಬಂದ ಚಿಪ್ಪಿನೊಳಗೆ ಸಂಜೆಯ ಹೊತ್ತಿಗೆ ಒಂದು ಸನ್ಯಾಸಿ ಏಡಿ ಸೇರಿಕೊಂಡು ನಡೆದುಹೋಗುತ್ತಿರುತ್ತದೆ. ನಾನು ಇಟ್ಟ ಚಿಪ್ಪನ್ನು ಹುಡುಕಿಕೊಂಡು ಹೋದಾಗ ಅದು ಅಲ್ಲಿರಲಿಲ್ಲ. ಮರಳಿನ ಮೇಲೆ ಹೊಲಿಗೆ ಹಾಕಿದಂಥ ಸಣ್ಣ ಗೆರೆಯೊಂದು ನೀರಿನ ಕಡೆಗೆ ಹೋಗಿತ್ತು.